ಹಾರ ಹಾಕಿಸಿಕೊಂಡ ಮಷೀನು

ನೀವು ನಂಬುವುದಿಲ್ಲ, ಬಿಡಿ. ಒಂದು ಇಡೀ ಯುನಿವರ್ಸಿಟಿಯನ್ನು ಚೆಂಡು ಹೂವಿನಿಂದ ರಿಪೇರಿ ಮಾಡಿದ ಹೆಂಗಸು ಡೊಂಬಿವಲಿಯ ನಮ್ಮ ಚಾಳಿನಲ್ಲೇ ಇದ್ದಳು. ಇವತ್ತು ಖಂಡೇನವಮಿ, ಆಯುಧಪೂಜೆ. ಬೆಳಿಗ್ಗೆ ಅವ್ವ ಹೂ ತಂದು ಬುಟ್ಟಿಗೆ ಸುರಿದಾಗ ಆ ಘಾಟಿಗೆ ಎದುರುಮನೆಯವಳು ನೆನಪಾದಳು, ಚಾಳಿನವರೆಲ್ಲ ಚಿಕ್ಕಮ್ಮ ಎನ್ನುವಂತೆ ‘ಮೌಶಿ’ ಎನ್ನುತ್ತಿದ್ದವಳು…

ಮೌಶಿ ಯುನಿವರ್ಸಿಟಿಯ ಸಂಶೋಧನಾ ವಿಭಾಗದಲ್ಲಿ ಸುಪರಿಂಟೆಂಡೆಂಟ್. ಅವಳು ಚಾಳಿನ ಗ್ಯಾಲರಿಯಲ್ಲಿ ನಿಂತು ಕೆಮ್ಮಿದರೆ ಮುಂದಿನ ಸ್ಟೇಶನ್ ಠಾಕುರ್ಲಿಯಲ್ಲಿ ಲೋಕಲ್ ರೈಲು ನಿಲ್ಲುತ್ತಿತ್ತು.

ಆಗ ಅವ್ವ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಕಳವಾ ಖಾಡಿ ಎಂಬ ಸಮುದ್ರದ ಹಿನ್ನೀರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಮನೆ ತುಂಬ ಖಾಡಿ ನೀರಿನ ಬಾಟಲಿ. ಬಾಯಾರಿದ ನೆಂಟರು ಹಾಗೇ ಎದ್ದು ಹೋಗುತ್ತಿದ್ದರು. ಆ ನೀರಿನಲ್ಲಿ ಕಾರ್ಖಾನೆಗಳ ವಿಷ ಎಷ್ಟಿದೆ ಎಂದು ಅಳೆಯುವ ಮಷೀನು ಮಾತ್ರ ಸಿಗಲಿಲ್ಲ. ಎಲ್ಲ ಡಿಪಾರ್ಟ್‌ಮೆಂಟಿನವರೂ ‘ನಮ್ಮಲ್ಲಿಲ್ಲ’ ಎಂದರು. ಬೇಸಿಗೆಗೆ ಅವ್ವನ ಗೈಡ್ ರಿಟೈರ್. ಅಷ್ಟರೊಳಗೆ ಮುಗಿಯದಿದ್ದರೆ ಅವಳ ಅಷ್ಟೂ ವರ್ಷ ಖಾಡಿಪಾಲು.

ಆ ಸಲ ದಸರಾ ರಜೆಯ ಹಿಂದಿನ ದಿನ ಮೌಶಿ ಒಂದು ಸುದ್ದಿ ಬಿಟ್ಟಳು. ಮಷೀನುಗಳ ಪೂಜೆಗೆ ಕುಲಪತಿಗಳೇ ಬರುತ್ತಾರೆ, ದೊಡ್ಡ ಮಷೀನಿಗೆ ದೊಡ್ಡ ಹಾರ. ತಗೊಳ್ಳಿ, ವರ್ಷಗಟ್ಟಲೆ ಬೀಗ ಹಾಕಿದ್ದ ಕೋಣೆಗಳೆಲ್ಲ ತೆರೆದವು. ಇಲ್ಲದ ಮಷೀನುಗಳು ಕುಂಕುಮ ಹಚ್ಚಿಸಿಕೊಳ್ಳಲು ಮುಸುಕು ತೆಗೆದು ಕೂತವು. ಅವುಗಳಲ್ಲಿ ಅವ್ವನಿಗೆ ಬೇಕಾಗಿದ್ದದ್ದೂ ಒಂದು.

ಕುಲಪತಿಗಳು ನಿಜಕ್ಕೂ ಬಂದು ಹಾರ ಹಾಕುತ್ತಿದ್ದಂತೆ ಮೌಶಿ ಆ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರಿಗೆ, ಅವರು ಧಾರವಾಡ ಕಡೆಯವರಾದ್ದರಿಂದ ಕನ್ನಡದಲ್ಲೇ, ಹೇಳಿದಳಂತೆ: “ಪೂಜಿ ಮಾಡಿದ್ದನ್ನ ರಜಾ ಮುಗದ ಕೂಡ್ಲೆ ಚಾಲೂ ಮಾಡಬೇಕ್ರಿ ಸಾಹೇಬ್ರ. ಇಲ್ಲಾಂದ್ರ ದೇವಿ ಸುಮ್ಮನಿರಂಗಿಲ್ಲ.”

“ಚಾಲೂ ಮಾಡಿ ಏನ್ ಅಳೀಬೇಕ್ರಿ ಬಾಯಾರ?”

“ಖಾಡಿ ನೀರು ಐತ್ರಿ. ಬೇಕಾದಷ್ಟು.”

ಕುಲಪತಿಗಳ ಎದುರು ಅವರು ಇಲ್ಲ ಅನ್ನಲಾರದೆ ಹೋದರು. ಅವ್ವನ ಕೆಲಸ ಗೈಡ್ ಇರುವಾಗಲೇ ಮುಗಿಯಿತು. ಮೌಶಿ ಅಷ್ಟಕ್ಕೇ ಬಿಡಲಿಲ್ಲ. ಯಾವ ಮಷೀನು ಎಲ್ಲಿದೆ, ಯಾರ ಪಾಳಿ ಯಾವಾಗ ಎಂದು ತನ್ನ ಆಫೀಸಿನ ಗೋಡೆಯ ಮೇಲೇ ಬರೆಸಿದಳು. ಆಮೇಲೆ ಕಲ್ಯಾಣ, ಠಾಣೆಯ ಸಣ್ಣ ಕಾಲೇಜಿನವರಿಗೂ ಪಾಳಿ ಸಿಕ್ಕಿತು. ಬೇರೆ ಚಾಳಿನ ಹುಡುಗರು ತಮ್ಮಲ್ಲಿ ದೊಡ್ಡ ಕ್ರಿಕೆಟ್ ಆಟಗಾರನಿದ್ದಾನೆ ಎಂದು ಜಂಭ ಕೊಚ್ಚಿದರೆ ನಾನು ಮೌಶಿಯನ್ನು ಮುಂದೆ ಮಾಡುತ್ತಿದ್ದೆ.

ಹೋದ ಮಳೆಗಾಲದಲ್ಲಿ ಮೌಶಿ ತೀರಿಕೊಂಡಳು. ಎದುರು ಬಾಗಿಲಿಗೆ ಬೀಗ. ಲೋಕಲ್‌ಗಳು ಈಗ ತಡೆಯಿಲ್ಲದೆ ಹೋಗುತ್ತವೆ…

ಅಷ್ಟರಲ್ಲಿ ಅವ್ವ ಒಳಗೆ ಬಂದಳು. ನನ್ನ ಹಿಂದೆ ನಿಂತೇ ನಾನು ಬರೆದದ್ದನ್ನೆಲ್ಲ ಓದಿದಳು.

“ಮನ್ಯಾಗ ಇದ್ದದ್ದು ಎರಡ ಬಾಟ್ಲಿ. ಎಷ್ಟ್ ಸುಳ್ಳ ಬರೀತಿಯೋ.”

“ಮತ್ತ ಮೌಶಿ ಕೆಮ್ಮು?”

ಅವ್ವ ಎದುರು ಬಾಗಿಲಿನ ಬೀಗದ ಕಡೆ ನೋಡಿದಳು. “ಅದು ಖರೆ. ಪೆನ್ ಕೊಡು, ಪೂಜಿಗೆ ಇಡಬೇಕು. ನಾಳಿ ತನಕ ಮುಟ್ಟಂಗಿಲ್ಲ.”

ಒಂದು ಕೈ ಚಾಚಿಯೇ ನಿಂತಿದ್ದಾಳೆ. ಇನ್ನೊಂದರಲ್ಲಿ ಎರಡು ತೋರಣ. ನಮ್ಮ ಮನೆಗಿರುವುದು ಒಂದೇ ಬಾಗಿಲು.