ರಾಗಿ ಡಬ್ಬಿಯ ಹಿಂದಿನ ಸ್ಲೇಟು

ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರು. ಕುಕ್ಕರ್ ಕೂಗಿದರೂ ಭಯ, ಕೂಗದಿದ್ದರೂ ಭಯ ಪಡುವ ಜಾತಿ. ಅಂಥವಳಿಗೆ ಯಾರಾದರೂ ಹೀಗೆ ಮಾಡು, ಹೀಗೆ ಮಾಡಬೇಡ ಎಂದು ಹೇಳಿಬಿಟ್ಟರೆ ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ.

ರಾಮನಗರದ ತರಬೇತಿಯಲ್ಲಿ ನಮ್ಮ ಸೂಪರ್‌ವೈಸರ್ ಮೇಡಂ ಹಾಗೆ ಹೇಳಿದರು. ಇದು ದೆಹಲಿಯಿಂದಲೇ ಬಂದ ಮಾತು, ಎಳೆ ಕೈಗೆ ಪೆನ್ಸಿಲ್ ತುರುಕಬೇಡಿ, ಆಡಿಸಿ, ಬೆರಳು ತಾನಾಗಿ ಹದಕ್ಕೆ ಬರುತ್ತದೆ ಎಂದರು. ಊರಿಗೆ ಬಂದವಳೇ ಸ್ಲೇಟುಗಳನ್ನು ಅಟ್ಟಕ್ಕೆ ಹಾಕಿದೆ. ಚನ್ನಪಟ್ಟಣದ ಬಣ್ಣದ ಮರದ ಮಣಿ ತರಿಸಿ ಪೋಣಿಸಲು ಕೊಟ್ಟೆ. ಕೊಡುವ ಮೊದಲು ಒಂದೊಂದನ್ನೂ ನನ್ನ ಮೂಗಿಗೆ ಹಿಡಿದು ನೋಡಿದೆ. ನನ್ನ ಮೂಗಿಗೇ ಹೋಗದ್ದು ಮಕ್ಕಳ ಮೂಗಿಗೆ ಹೇಗೆ ಹೋದೀತು? ಸಹಾಯಕಿ ಅನ್ನದ ಪಾತ್ರೆ ಕೆಳಗಿಟ್ಟು ನಕ್ಕಳು.

ಅಪ್ಪ ಅಮ್ಮಂದಿರು ಎಬಿಸಿಡಿ ಯಾವಾಗ ಎಂದು ಕೇಳುತ್ತಲೇ ಇದ್ದರು. ನಾನು ಮೇಡಂ ಮಾತನ್ನೇ ಒಪ್ಪಿಸುತ್ತಿದ್ದೆ. “ಆಟ ಆಡ್ಸಕ್ಕೆ ನಮ್ಮವ್ವ ಮನೇಲೇ ಇದ್ದಾಳಲ್ಲ” ಎಂದು ಒಬ್ಬ ಅಪ್ಪ ತನ್ನ ಮಗನನ್ನು ಕಾನ್ವೆಂಟಿಗೆ ಸೇರಿಸಿದ. ಬಿಡದಿಯ ಫ್ಯಾಕ್ಟರಿಗೆ ಹೋಗುವ ಒಬ್ಬ ತಾಯಿ ಮಾತ್ರ, ನೀವು ಹೇಳಿದ ಮೇಲೆ ಮುಗೀತು ಎಂದು ಮಗಳನ್ನು ನನ್ನಲ್ಲೇ ಬಿಟ್ಟು ವ್ಯಾನ್ ಹತ್ತುತ್ತಿದ್ದಳು.

ಈ ವರ್ಷ ಪಕ್ಕದ ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ಶುರುವಾಯಿತು. ಸೇರಿಸಿಕೊಳ್ಳುವ ದಿನ ಮಕ್ಕಳಿಗೆ ಒಂದಕ್ಷರ ಬರೆಯಲು ಹೇಳಿದರು. ಆ ಫ್ಯಾಕ್ಟರಿ ತಾಯಿಯ ಮಗಳು ಪೆನ್ಸಿಲನ್ನು ತಿರುಗಿಸಿ ತಿರುಗಿಸಿ, ದಾರ ಹಾಕಲು ತೂತು ಹುಡುಕಿದಳು. ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಇರಲಿ ಎಂದರು ಶಾಲೆಯವರು.

ಅಲ್ಲೇ ಕೂತಿದ್ದ ನಮ್ಮ ಮೇಡಂ ಎಲ್ಲರೆದುರು ಕೇಳಿದರು: “ಒಂದಕ್ಷರಾನೂ ತಿದ್ಸಿಲ್ವೇನ್ರೀ?”

ತಮಾಷೆಯೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.

ಆಮೇಲೆ ಅವರನ್ನು ಜಗುಲಿಯಲ್ಲಿ ಹಿಡಿದು ನಿಲ್ಲಿಸಿ ತರಬೇತಿಯ ಮಾತು ನೆನಪಿಸಿದೆ.

“ಅದು ಮೇಲಿನೋರ ಮಾತು ಕಣ್ರೀ, ನಾವು ಹೇಳ್ಲೇಬೇಕು. ನೀವು ಊರು ನೋಡ್ಕಂಡು ಒಸಿ ಹೆಚ್ಚುಕಮ್ಮಿ ಮಾಡ್ಬೇಕಪ್ಪ. ಮಿಕ್ಕೋರೆಲ್ಲ ಬಾಗ್ಲು ಹಾಕ್ಕಂಡು ತಿದ್ಸಿಲ್ವಾ?”

ಮಿಕ್ಕವರೆಲ್ಲ. ಅಂದರೆ ತರಬೇತಿಯಲ್ಲಿ ನನ್ನ ಪಕ್ಕ ಕೂತು ತಲೆಯಾಡಿಸಿದವರೆಲ್ಲ. ಜಗತ್ತಿನ ಪ್ರತಿ ಕುಕ್ಕರನ್ನೂ ಅನುಮಾನಿಸಿದ ನಾನು ಈ ಮೇಡಂ ಒಬ್ಬರನ್ನು ಅನುಮಾನಿಸಲಿಲ್ಲ.

ಆ ತಾಯಿ ಗೇಟಿನ ಹತ್ತಿರ ಕಾಯುತ್ತಿದ್ದಳು. ಜಗಳವಾಡಿದ್ದರೆ ವಾಸಿಯಿತ್ತು. “ನಾನು ನಿಮ್ಮನ್ನ ನಂಬ್ದೆ ಟೀಚರಕ್ಕ. ನೀವ್ ಯಾರನ್ನ ನಂಬುದ್ರಿ?” ಎಂದಳು ಅಷ್ಟೆ.

ಹುಡುಗಿ ಈಗಲೂ ನನ್ನ ಹತ್ತಿರವೇ ಬರುತ್ತಾಳೆ. ‘ಆಟವೇ ಪಾಠ’ ಎಂಬ ಚಾರ್ಟು ಗೋಡೆಯ ಮೇಲಿದೆ. ತೆಗೆಯಿರಿ ಎಂದು ಯಾರೂ ಹೇಳಿಲ್ಲ, ಬರೆಸಬಾರದೆಂಬ ಸೂಚನೆಯೂ ಹಾಗೆಯೇ ಇದೆ. ಆ ಚಾರ್ಟಿನ ಕೆಳಗೇ, ಬಾಗಿಲು ಮುಂದೆ ಮಾಡಿಕೊಂಡು, ಅಟ್ಟದಿಂದ ಇಳಿಸಿದ ಸ್ಲೇಟಿನ ಮೇಲೆ ಅವಳ ಕೈ ಹಿಡಿದು ‘ಅ’ ತಿದ್ದಿಸುತ್ತೇನೆ. ಅಕ್ಷರ ಇನ್ನೂ ಸೊಟ್ಟ. ಆದರೆ ಹೊರಗೆ ತಪಾಸಣೆಯವರ ಜೀಪಿನ ಸದ್ದಾದರೆ ಸಾಕು, ನಾನು ಹೇಳುವ ಮೊದಲೇ ಸ್ಲೇಟನ್ನು ರಾಗಿ ಡಬ್ಬಿಯ ಹಿಂದೆ ಸರಿಸಿ ಮಣಿ ಪೋಣಿಸುತ್ತಾ ಕೂರುತ್ತಾಳೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.