ಉಣ್ಣದೆ ಬರೆದ ರುಚಿ

ತೊಗರಿ ಬೇಳೆ ಉಕ್ಕಿ ಒಲೆಗೆ ಸುರಿದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಮುದ್ದೇಬಿಹಾಳದ ನನ್ನ ಬಾಡಿಗೆ ಮನೆಯಲ್ಲಿ ಅದು ಮೂಗಿಗೆ ಬಡಿದರೆ ಸಾಕು, ಸಿಂದಗಿ ಕಡೆಯ ನಮ್ಮೂರ ಶಾಲೆಯ ಅಡುಗೆ ಕೋಣೆಗೆ ಹೋಗಿಬಿಡುತ್ತೇನೆ. ಅಲ್ಲಿ ಹೊಗೆಗೆ ಕಣ್ಣು ಕೆಂಪಗಾದ ಅವ್ವ ಬಿಸಿಯೂಟದ ಅನ್ನ ಮಾಡುತ್ತಿದ್ದಳು. ಕೇರಿಯ ಕೊನೆಗಿದ್ದ ನಮ್ಮ ಮಣ್ಣಿನ ಮನೆಯಲ್ಲಿ ನಾವಿಬ್ಬರೇ. ಕೆಲಸ ಸಿಕ್ಕ ದಿನ ಅವಳು ಇದ್ದ ಒಂದೇ ಇಲಕಲ್ ಸೀರೆ ಉಟ್ಟು ನೆರಿಗೆ ಮತ್ತೆ ಮತ್ತೆ ಸರಿಮಾಡಿಕೊಂಡಿದ್ದಳು. ಊರ ಮಕ್ಕಳಿಗೆಲ್ಲ ಕೈಯಾರೆ ಉಣ್ಣಿಸುತ್ತೇನೆಂಬ ಹಿಗ್ಗು. ಮೊದಲ ದಿನವೇ ಅದು ಮಣ್ಣುಪಾಲಾಯಿತು. ನಾವು ಹೊಲಗೇರಿಯವರಲ್ಲವೆ! ಮೇಲೋಣಿಯ ಮಕ್ಕಳು ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದು ಬೇವಿನ ಗಿಡದ ಕೆಳಗೆ ಕೂತರು. ಅವ್ವನ ಮುಂದೆ ತಾಟು ಹಿಡಿದವರು ನನ್ನನ್ನೂ ಸೇರಿ ನಮ್ಮ ಕೇರಿಯ ಹನ್ನೊಂದು ಮಕ್ಕಳು ಮಾತ್ರ. ಆದರೂ ಅವಳು ದಿನವೂ ಎಲ್ಲರಿಗಾಗುವಷ್ಟು ಮಾಡುತ್ತಿದ್ದಳು.

ಮಕ್ಕಳದೇನು, ಮನೆಯಲ್ಲಿ ಕಲಿಸಿ ಕಳಿಸಿದ್ದರು. ನನ್ನ ಸಿಟ್ಟು ಹೆಡ್‌ಮಾಸ್ತರರ ಮೇಲೆ. ಬಡಿಸುವ ಮೊದಲು ಅವರು ಉಂಡು ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬುದು ನಿಯಮ. ಅವರು ಅಡುಗೆ ಕೋಣೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಪುಸ್ತಕ ಮಾತ್ರ ಅವರ ಮೇಜಿಗೆ ಹೋಗಿ ಬರುತ್ತಿತ್ತು. ಓದು ಬಾರದ ಅವ್ವ ಒಂದು ದಿನ ನನ್ನನ್ನು ಕರೆದು, "ಏನ್ ಬರದಾರ, ಓದವಾ" ಅಂದಳು. "ರುಚಿ ನೋಡಿದೆ, ಚೆನ್ನಾಗಿದೆ" ಎಂದು ಓದಿದೆ. ಹಿಂದಿನ ಹಾಳೆಗಳಲ್ಲೂ ಅದೇ ಮಾತು. ಅವ್ವ ತಾಟಿಗೆ ಅನ್ನ, ಸಾರು ಹಾಕಿಕೊಂಡು, ಪುಸ್ತಕ ನನ್ನ ಕೈಗೆ ಕೊಟ್ಟು, ಸೀದಾ ಹೋಗಿ ಮಾಸ್ತರರ ಮುಂದೆ ನಿಂತಳು.

"ಸರ, ಉಂಡು ಬರೀರಿ."

"ಇವತ್ತ ನನಗ ಉಪವಾಸ ಐತಿ, ಹೋಗವಾ."

"ಹಂಗಾರ ದಿನಾ ರುಚಿ ನೋಡಿದವರು ಯಾರ್ರೀ? ಉಂಡು ಬರೀರಿ, ಇಲ್ಲಾ ಉಂಡಿಲ್ಲಂತ ಬರೀರಿ."

ಕಿಟಕಿಯ ತುಂಬ ಮಕ್ಕಳ ಮುಖಗಳು. ಮಾಸ್ತರರು ಪೆನ್ನು ಮುಚ್ಚಿ ಜೇಬಿಗಿಟ್ಟರು. ಆ ದಿನದ ಸಾಲು ಖಾಲಿ ಉಳಿಯಿತು. ಅವ್ವ ಆ ಖಾಲಿ ಜಾಗದ ಮೇಲೆ ಬೆರಳಾಡಿಸಿ, "ಇವತ್ತೊಂದಿನ ಸುಳ್ಳ ಬರೀಲಿಲ್ಲ ನೋಡು" ಎಂದು ನಕ್ಕಳು. ಮುಂದಿನ ಜೂನಿನಲ್ಲಿ ಅಡುಗೆಯವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಬಾಯಿ ಜೋರಂತೆ! ವರ್ಷಗಟ್ಟಲೆ ಸುಳ್ಳು ಬರೆದ ಕೈಗೆ ಯಾರೂ ಏನೂ ಅನ್ನಲಿಲ್ಲ. ಕಂಡವರ ಹೊಲದಲ್ಲಿ ಕಳೆ ತೆಗೆದು ಅವ್ವ ನನ್ನನ್ನು ಓದಿಸಿದಳು. ಆ ಜೂನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ಈ ಸಲದ ಮಳೆಗೆ ಮನೆಯೂ ಬಿದ್ದು ಹೋಯಿತು. ಅವಳನ್ನು ಮಣ್ಣು ಮಾಡುವ ದಿನ, ನಿವೃತ್ತರಾಗಿದ್ದ ಅದೇ ಮಾಸ್ತರರು ಬಂದು ಆಗಿನ್ನೂ ನಿಂತಿದ್ದ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನನ್ನನ್ನು ಸಮಾಧಾನ ಮಾಡಲೆಂದು, "ನಿಮ್ಮವ್ವ ಭಾಳ ಚಲೋ ಅಡಗಿ ಮಾಡ್ತಿದ್ಲವಾ" ಅಂದರು.

ನನ್ನ ಅಳು ನಿಂತಿತು.

"ಯಾವಾಗ ಉಂಡಿದ್ರಿ ಸರ?" ಎಂದು ಕೇಳಿದೆ.

ಅವ್ವನ ಸುತ್ತ ಕೂತಿದ್ದ ಕೇರಿಯ ಹೆಂಗಸರೂ ಅಳು ನಿಲ್ಲಿಸಿ ಉತ್ತರಕ್ಕೆ ಕಾದರು.