ಪೀಕಿಂಗ್ ಪಾರ್ಕಿನ ಬಿಲ್ಲೆ

ಚೀನಾಕ್ಕೆ ಹೋಗಲೆಂದು ಹೊಲಿಸಿದ್ದ ಉಣ್ಣೆಯ ಕೋಟನ್ನು ಕಳೆದ ವಾರ ಟ್ರಂಕಿನಿಂದ ತೆಗೆದೆ. ಯಾರಿಗೆ ಕೊಡಲು? ಚೀನಾದ ಎದುರು ಹಿಮದಲ್ಲಿ ನಿಂತಿರುವ ನಮ್ಮ ಜವಾನರಿಗೆ. (ಬಂಗಾರಪೇಟೆಯ ಚಳಿಗೆ ಅದು ಎಂದೂ ಬೇಕಾಗಿರಲಿಲ್ಲ ಬಿಡಿ.)

ಕೊಡುವ ಮುಂಚೆ ಹೆಂಡತಿ ಜೇಬು ತಡಕಿದಳು. ಹಿತ್ತಾಳೆಯ ಬಿಲ್ಲೆಯೊಂದು ಸಿಕ್ಕಿತು. ಮೇಲೆ ಚೀನೀ ಅಕ್ಷರ.

ಆಗ ನೆನಪಾಯಿತು. 'ಭಾಯಿ ಭಾಯಿ' ಎನ್ನುತ್ತಿದ್ದ ಕಾಲದಲ್ಲಿ ಪತ್ರಕರ್ತರ ತಂಡದ ಜೊತೆ ಪೀಕಿಂಗಿಗೆ ಹೋಗಿದ್ದೆನಲ್ಲ, ಅಲ್ಲೊಂದು ಹಳೇ ಪಾರ್ಕು. ಹಿಂದೆ ಚಕ್ರವರ್ತಿಗಳದ್ದಂತೆ. ದೊಡ್ಡ ಕೆರೆ, ನಡುಗಡ್ಡೆಯ ಮೇಲೆ ಬಿಳಿ ಗೋಪುರ. ದೋಣಿಕಟ್ಟೆಯ ಮುದುಕ ಹಲಗೆಯ ಮೊಳೆಯಿಂದ ಬಿಲ್ಲೆಯೊಂದನ್ನು ತೆಗೆದು ಕೊಟ್ಟ. ದೋಣಿ ಇಳಿದ ಮೇಲೆ ವಾಪಸು ಕೊಡಬೇಕಿತ್ತು. ಅಷ್ಟರಲ್ಲಿ ನಮ್ಮ ಬಸ್ಸಿನ ಹಾರ್ನ್ ಕೇಳಿಸಿತು. ಓಡಿದೆ. ಅಷ್ಟೇ.

ಅಷ್ಟೇ ಎಂದು ನಾನಂದುಕೊಂಡಿದ್ದೆ. ಆದರೆ ಮಾರಿಕುಪ್ಪಂ ರೈಲಿನಲ್ಲಿ ಆಗಷ್ಟೇ ಬಂದಿದ್ದ ನಮ್ಮ ಮಾವ ಕಥೆ ಕೇಳಿ ಕಾಫಿ ಲೋಟ ಕೆಳಗಿಟ್ಟರು.

ಮಾವ ನಂದಿದುರ್ಗದ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲೂ ಇದೇ ಪದ್ಧತಿಯಂತೆ. ಗಣಿಗೆ ಇಳಿಯುವವನು ಮೊಳೆಯಿಂದ ತನ್ನ ಬಿಲ್ಲೆ ತೆಗೆದುಕೊಳ್ಳಬೇಕು, ಮೇಲೆ ಬಂದು ಮತ್ತೆ ತಗುಲಿಸಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದೇ ಲೆಕ್ಕ. ಒಮ್ಮೆ ಮಾವ ಮರೆತು ಬಿಲ್ಲೆಯನ್ನು ಮನೆಗೇ ತಂದುಬಿಟ್ಟರಂತೆ. ಅವರನ್ನು ಹುಡುಕಲು ಕೆಳಗಿಳಿದವರಲ್ಲಿ ಒಬ್ಬ ಮೇಲೆ ಬರಲಿಲ್ಲವಂತೆ. ಈ ಸಂಗತಿ ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಅವಳು ಅಪ್ಪನ ಪಕ್ಕ ಕೂತಳು.

"ಆವಯ್ಯ ನಿಮ್ಮನ್ನ ಎಷ್ಟೊತ್ತು ಉಡುಕಿದ್ನೋ ಏನೋ. ಕೆರೇಗೆ ಯಾರ್ನ ಇಳಿಸಿದ್ನೋ. ಇದನ್ನ ವಾಪಸ್ ಕಳಿಸ್ಬುಡಿ ಅಳಿಯಂದ್ರೇ."

ಈಗ ಅವರು ನಮ್ಮ ಶತ್ರುಗಳಲ್ಲವೇ ಎಂದೆ.

"ಬಂದೂಕ ಇಡ್ದೋನು ಸತ್ರುನೇ. ಮೊಳೆ ಕಾಯೋನು ಏನ್ ಮಾಡ್ದ?"

ಚೀನಾವನ್ನು ಬೈದು ಇದೇ ಅಂಕಣದಲ್ಲಿ ಮೂರು ವಾರ ಬರೆದಿದ್ದೇನೆ. ಒಂದಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೂ ಮರುದಿನ ಬಿಲ್ಲೆಯನ್ನು ಲಕೋಟೆಗೆ ಹಾಕಿ ಪೋಸ್ಟಾಫೀಸಿಗೆ ಹೋದೆ. (ತಲೆ ಕೆಟ್ಟಿದೆಯೇ ಎನ್ನಬೇಡಿ, ನನಗೂ ಅದೇ ಅನುಮಾನ.)

ಗುಮಾಸ್ತರು ವಿಳಾಸ ಓದಿದರು. ನನ್ನ ಮುಖ ನೋಡಿದರು. ಮತ್ತೆ ವಿಳಾಸ ಓದಿದರು. ಇದನ್ನು ತೆಗೆದುಕೊಳ್ಳಬೇಕೋ ಬೇಡವೋ ತಮಗೇ ತಿಳಿಯದು, ಗಲಾಟೆ ಮುಗಿಯಲಿ ಸಾರ್, ಎಂದು ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಕ್ಯೂನಲ್ಲಿ ಯಾರೋ ಕೆಮ್ಮಿದರು. ನನಗೆ ಭಯವಾಯಿತು, ನಾಚಿಕೆಯೂ ಆಯಿತು. ಯಾವುದು ಮೊದಲೋ ಗೊತ್ತಾಗಲಿಲ್ಲ. ಲಕೋಟೆ ಜೇಬಿಗಿಟ್ಟುಕೊಂಡು ಹೊರಬಂದೆ.

ಮನೆಯಲ್ಲಿ ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಕಳಿಸಿದಿರಾ ಎಂದು ಕೇಳಿದರು. ಹೂಂ ಎಂದೆ. ಆಮೇಲೆಯೇ ಅವರು ಊಟಕ್ಕೆ ಕೂತದ್ದು.

ಕೋಟು ಗಡಿಗೆ ಹೋಯಿತು. ಬಿಲ್ಲೆ ಇದೋ, ನನ್ನ ಮೇಜಿನ ಮೇಲಿದೆ. ಯುದ್ಧದ ಬಗ್ಗೆ ನನ್ನ ಅಭಿಪ್ರಾಯ ಕೇಳಿ ಓದುಗರು ಕಾಗದ ಬರೆಯುತ್ತಲೇ ಇದ್ದಾರೆ. ನನಗೆ ಬೇಕಾಗಿರುವುದು ಒಂದೇ ಉತ್ತರ: ಆ ಮುದುಕ ಅವತ್ತು ಎಷ್ಟು ಹೊತ್ತಿಗೆ ಮನೆಗೆ ಹೋದ?